ಸಮಗ್ರ ಅಂದ್ರೆ ಏನು ಮೇಡಂ?

ನಮ್ಮ ಕೋಲಾರದ ಕಡೆ ಬರ ಇಲ್ಲದಿರುವುದು ಒಂದಕ್ಕೇ, ನೀರಿನ ಕೆಲಸದವರು ಪೇಚಿಗೆ ಸಿಕ್ಕಿಕೊಳ್ಳುವ ಪ್ರಸಂಗಗಳಿಗೆ. ವಾರಕ್ಕೊಂದಾದರೂ ಆಗುತ್ತದೆ. ಆ ಹೊತ್ತಿಗೆ ನಗು ಬರುತ್ತದೆ, ಮನೆಗೆ ಬಂದು ಸ್ಕೂಟರ್ ನಿಲ್ಲಿಸುವ ಹೊತ್ತಿಗೆ ಹೊಟ್ಟೆ ಉರಿಯುತ್ತದೆ.

ನನ್ನ ಕೆಲಸ ಒಂದು ಮಾತಿನ ಅರ್ಥ ಹೇಳುವುದು. ಮಾತು ಯಾವುದೆಂದರೆ ‘ಸಮಗ್ರ ಜಲಸಂಪನ್ಮೂಲ ನಿರ್ವಹಣೆ’. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಮಾತು ಬರೆದ ಬ್ಯಾನರನ್ನು ಸ್ಕೂಟರಿನ ಮುಂದೆ ಕಾಲ ಬಳಿ ನಿಲ್ಲಿಸಿಕೊಂಡು ಊರೂರು ಸುತ್ತುತ್ತೇನೆ. ಅರ್ಥ ದೊಡ್ಡದೇನಲ್ಲ. ಮಳೆ, ಕೆರೆ, ಬಾವಿ, ಬೋರ್ ಎಲ್ಲವೂ ಒಂದೇ ನೀರು. ಒಬ್ಬರು ಒಂದು ಕಡೆ ಎಳೆದರೆ ಇನ್ನೊಬ್ಬರಿಗೆ ಇನ್ನೊಂದು ಕಡೆ ಕಡಿಮೆಯಾಗುತ್ತದೆ. ಆದ್ದರಿಂದ ಕೃಷಿಯವರು, ಕುಡಿಯುವ ನೀರಿನವರು, ಅರಣ್ಯದವರು, ಮೀನಿನವರು ತಮ್ಮ ಪಾಡಿಗೆ ತಾವು ಕೂರದೆ ಒಟ್ಟಿಗೆ ಕೂತು ಯೋಚಿಸಿ ಬಳಸಬೇಕು. ಇಷ್ಟೇ. ಇಷ್ಟು ಹೇಳುವುದಕ್ಕೆ ಹೋಗಿ ನಾನು ಪಟ್ಟ ಪಾಡನ್ನು ಹೇಳುತ್ತೇನೆ, ಕೇಳಿ.

ಅಜ್ಜಿ ಕೇಳಿದ್ದು

ಮುಳಬಾಗಿಲಿನಿಂದ ಬೈರಕೂರು ದಾಟಿ ಒಳಗೆ ಹೋದರೆ ತಾಲ್ಲೂಕಿನ ಅಂಚಿನಲ್ಲಿ ಒಂದು ಸಣ್ಣ ಊರು. ಊರ ಹಿಂದಿನ ಬಂಡಿದಾರಿ ದಾಟಿದರೆ ಶ್ರೀನಿವಾಸಪುರ ತಾಲ್ಲೂಕು. ಅಲ್ಲಿ ಅರಳಿಕಟ್ಟೆಯ ಮೇಲೆ ಬ್ಯಾನರ್ ಕಟ್ಟಿ, ಗಂಟಲು ಒಣಗುವ ತನಕ ಮಾತಾಡಿದೆ. ಜನ ಎಷ್ಟು ಮರ್ಯಾದೆಯಿಂದ ಕೇಳಿದರೆಂದರೆ, ಅರ್ಥವಾಗಿಲ್ಲ ಎಂದು ನನಗೆ ಆಗಲೇ ಗೊತ್ತಾಗಬೇಕಿತ್ತು.

ಕೊನೆಗೆ ಮುಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು ನಿಂತು ತೆಲುಗಿನಲ್ಲಿ ಕೇಳಿದಳು: “ಅಂತಾ ಬಾಗುಂದಿ ತಲ್ಲಿ, ನೀಳ್ಳು ತೆಚ್ಚಿನಾವಾ?”

ಎಲ್ಲಾ ಚೆನ್ನಾಗಿದೆ ತಾಯಿ, ನೀರು ತಂದಿದ್ದೀಯಾ, ಅಂತ. ಬರುವಾಗ ನಾನು ಸುತ್ತಿ ತಂದ ಬ್ಯಾನರಿನೊಳಗೆ ಒಂದು ಪೈಪಾದರೂ ಇದ್ದೀತು ಅಂದುಕೊಂಡಿದ್ದಳಂತೆ ಪಾಪ. ಇಲ್ಲ ಅಂದೆ. “ಮರಿ ಎಂದುಕೊಚ್ಚಿನಾವು?” ಅಂದಳು. ಮತ್ತೆ ಯಾಕೆ ಬಂದೆ, ಅಂತ. ನಾನು ಬ್ಯಾನರ್ ಬಿಚ್ಚತೊಡಗಿದೆ.

ಕಟ್ಟೆಯ ಹಿಂದೆ ನಿಂತು ನಗುತ್ತಿದ್ದವರು ಆ ಊರಿನ ಅಂಗನವಾಡಿ ಟೀಚರ್. ನನ್ನ ಕೈ ಹಿಡಿದು ಅಂಗನವಾಡಿಗೆ ಕರೆದುಕೊಂಡು ಹೋದರು. ಅಲ್ಲಿ ಪಕ್ಕದ ಸ್ಕೂಲಿನ ಒಂದನೇ ಕ್ಲಾಸು, ಎರಡನೇ ಕ್ಲಾಸಿನ ಮಕ್ಕಳು ಆಡುತ್ತಿದ್ದವು. ಟೀಚರ್ ಅವರಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸಿ, “ಹಲ್ಲು ತೋರ್ಸೇ” ಅಂದರು. ಹುಡುಗಿ ‘ಈ…’ ಅಂದಳು. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸದಾಗಿ ಹುಟ್ಟಿದ ಎರಡು ಹಲ್ಲು, ಬೆಳ್ಳಗೆ, ಸಿಪ್ಪೆ ಸುಲಿದ ಕಡಲೆಬೀಜದ ಹಾಗೆ.

“ನಮ್ಮೂರಲ್ಲಿ ಬೆಳ್ಳಗೆ ಹಲ್ಲು ಹುಟ್ಟಿದ್ದು ಇವಕ್ಕೇ ಮೊದ್ಲು ಮೇಡಂ” ಅಂದರು ಟೀಚರ್. ಅವರ ಮುಖದಲ್ಲಿ ಹೆತ್ತವರಿಗಿಂತ ಹೆಚ್ಚು ಹೆಮ್ಮೆ ಇತ್ತು.

ವಿಷಯ ಏನೆಂದರೆ, ಊರಿನ ಹಳೇ ಬೋರಿನದು ಆಳದ ಬಂಡೆಯ ನೀರು, ಅದರಲ್ಲಿ ಫ್ಲೋರೈಡ್ ವಿಪರೀತ. ಅದಕ್ಕೆ ಕೆಂಪು ಬಣ್ಣ ಬಳಿದು ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದಿದ್ದಾರೆ. ಆ ನೀರು ಕುಡಿದು ಬೆಳೆದವರಿಗೆಲ್ಲ ಹಲ್ಲಿನ ಮೇಲೆ ಕಂದು ಪಟ್ಟೆ, ಕೆಲವರಿಗೆ ಮಂಡಿ ಮಡಚುವುದಿಲ್ಲ. ಫಿಲ್ಟರ್ ನೀರಿನ ಘಟಕ ಇರುವುದು ದೊಡ್ಡ ಊರಿನಲ್ಲಿ, ಬೈಕಿದ್ದವರು ಕ್ಯಾನು ತುಂಬಿ ತರುತ್ತಾರೆ. ಕೆರೆ ಮಗ್ಗುಲಿನ ಸ್ಕೂಲ್ ಬೋರು ಮಾತ್ರ ಒಳ್ಳೆಯದು. ಆಳ ಕಡಿಮೆ, ಕೆರೆಯಲ್ಲಿ ನಿಂತ ಮಳೆನೀರೇ ಇಳಿದು ಬರುತ್ತದೆ. ಟೀಚರ್ ಊರಿನವರ ಜೊತೆ ಜಗಳವಾಡಿ, ಆ ನೀರಿನಲ್ಲಿ ಬಟ್ಟೆ ಒಗೆಯಬಾರದು, ದನ ತೊಳೆಯಬಾರದು, ಮಕ್ಕಳಿಗೆ ಕುಡಿಯೋದಕ್ಕೆ ಅಂತ ಉಳಿಸಿಕೊಂಡಿದ್ದರು. ಆ ಬೆಳ್ಳಗಿನ ಹಲ್ಲುಗಳು ಆ ಜಗಳದ ಫಲ.

ಅಷ್ಟರಲ್ಲಿ ಊರಿನ ಯಜಮಾನರು ಬಂದರು. ವಯಸ್ಸು ಇನ್ನೂ ಐವತ್ತಾಗಿಲ್ಲ, ಸ್ಕೂಲ್ ಬೋರಿಗೆ ಅಂಟಿಕೊಂಡಂತೆ ಹಿಪ್ಪುನೇರಳೆ ತೋಟ, ಹೆಗಲ ಮೇಲೆ ಟವೆಲು. ಆ ಹಳೇ ಬೋರಿಗೆ ಕೈಪಂಪು ಬಂದ ಕಾಲದಲ್ಲಿ ಹುಟ್ಟಿದವರು, ಹಾಗಾಗಿ ಹಲ್ಲು ಇಟ್ಟಿಗೆ ಬಣ್ಣ. ಆ ನಾಚಿಕೆಗೆ ನಗು ಬಂದಾಗಲೆಲ್ಲ ಟವೆಲಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ತೋಟದ ಬೋರು ಸುಸ್ತಾಗಿದೆ, ಸ್ಕೂಲ್ ಬೋರಿನ ಪಕ್ಕದಲ್ಲೇ ಹೊಸ ಬೋರ್ ಹಾಕಿಸುತ್ತೇನೆ, ತೆಂಗಿನಕಾಯಿ ಹಿಡಿದು ನೀರು ನೋಡುವವನು ಅಲ್ಲೇ ತೋರಿಸಿದ್ದಾನೆ ಅಂದರು.

ಟೀಚರ್ ನನ್ನ ಕಡೆ ತಿರುಗಿದರು. ನಾನು, “ಯಜಮಾನ್ರೇ, ನೀವು ಅಲ್ಲಿ ಆಳಕ್ಕೆ ಹೋದ್ರೆ ಮಕ್ಕಳ ನೀರು ನಿಂತುಹೋಗುತ್ತೆ. ಎಲ್ಲಾ ನೀರೂ ಒಂದೇ ಅಂತ ಈಗ ತಾನೇ ಹೇಳಿದ್ನಲ್ಲ” ಅಂದೆ.

ಯಜಮಾನರು ಟವೆಲು ಬಾಯಿಗೆ ತಂದುಕೊಂಡು ನಕ್ಕರು. “ಒಂದೇ ಅಂದ್ಮೇಲೆ ಯಾರ್ ತಗಂಡ್ರೇನು ಮೇಡಂ?”

ಗಂಗಮ್ಮನಿಗೂ ಲಾಸು

ಯಜಮಾನರಿಗೆ ಬುದ್ಧಿ ಹೇಳಲು ಒಂದು ಒಳ್ಳೆಯ ಉದಾಹರಣೆ ಬೇಕಿತ್ತು. ಮಾಲೂರಿನ ಕಡೆ ಒಂದು ಕೆರೆಯ ಕೆಲಸ ನಡೆಯುತ್ತಿತ್ತು, ಅಲ್ಲಿ ಸಿಕ್ಕೀತು ಅಂದುಕೊಂಡು ಹೋದೆ.

ಆ ಕೆರೆಯನ್ನು ನಂಬಿಕೊಂಡವರು ಇಬ್ಬರು. ಒಬ್ಬ ಇಟ್ಟಿಗೆ ಗೂಡಿನವನು. ಕೆರೆ ಒಣಗಿದರೆ ಅವನಿಗೆ ಮಣ್ಣು ಸಿಗುತ್ತದೆ. ಇನ್ನೊಬ್ಬ ಮೀನು ಹಿಡಿಯುವ ಗುತ್ತಿಗೆದಾರ. ಕೆರೆ ತುಂಬಿದರೆ ಅವನಿಗೆ ಮೀನು. ಇಬ್ಬರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ ಸಮಗ್ರ ಮಾಡಲು ನೋಡಿದೆ. ಇಬ್ಬರೂ ಬಹಳ ವಿನಯದಿಂದ ತಲೆಯಾಡಿಸಿ, ಸಭೆ ಮುಗಿದ ಮೇಲೆ ಏರಿಯ ಮೇಲಿನ ಗಂಗಮ್ಮನ ಗುಡಿಗೆ ಬೇರೆ ಬೇರೆಯಾಗಿ ಹೋದರು. ಮೀನಿನವನು ಮಳೆ ಬಂದರೆ ಕುರಿ ಅಂತ ಹರಸಿಕೊಂಡ. ಗೂಡಿನವನು ಮಳೆ ಬಾರದಿದ್ದರೆ ಕುರಿ ಅಂತ ಹರಸಿಕೊಂಡ. ಪೂಜಾರಿ ಇಬ್ಬರಿಗೂ ಅದೇ ಕುಂಕುಮ ಕೊಟ್ಟು, “ಅಮ್ಮ ನಡೆಸಿಕೊಡ್ತಾಳೆ ಹೋಗಪ್ಪ” ಅಂದರು.

“ಏನ್ ಸ್ವಾಮಿ ಇದು, ಇಬ್ಬರಿಗೂ ಒಪ್ಪಿಕೊಂಡ್ರಲ್ಲ?” ಅಂತ ಕೇಳಿದೆ.

“ಯಾವ್ದಾದ್ರೂ ಒಂದು ಆಗ್ಲೇಬೇಕಲ್ಲ ಮೇಡಂ. ಕುರಿಯಂತೂ ಗ್ಯಾರಂಟಿ” ಅಂದರು.

ಮಳೆ ಬಂತು, ಆದರೆ ಅರ್ಧಂಬರ್ಧ. ಕೆರೆಯ ಮಣ್ಣೆಲ್ಲ ಕೆಸರಾಗಿ ಇಟ್ಟಿಗೆಗೆ ಬಾರದಾಯಿತು. ಮೀನಿಗೆ ಸಾಕಾಗುವಷ್ಟು ನೀರೂ ನಿಲ್ಲಲಿಲ್ಲ, ಬಿಟ್ಟಿದ್ದ ಮರಿಗಳೆಲ್ಲ ಆ ಕೆಸರಿನಲ್ಲೇ ಬಾಯಿ ಬಾಯಿ ಬಿಟ್ಟು ಸತ್ತವು. ಅವನ್ನು ನೋಡಲು ನನ್ನ ಕೈಲಿ ಆಗಲಿಲ್ಲ. ಮೂಗಿಗೆ ಸೆರಗು ಹಿಡಿದುಕೊಂಡು ಗುಡಿಯ ಮುಂದೆ ಬಂದೆ. ಪೂಜಾರಿ ಖಾಲಿ ಬಲಿಕಲ್ಲಿನ ಪಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

“ಇಬ್ರೂ ಹರಕೆ ತೀರಿಸ್ಲಿಲ್ಲ ಮೇಡಂ. ಗೂಡಿನವನಿಗೆ ಲಾಸು, ಮೀನಿನವನಿಗೆ ಲಾಸು, ಈ ಸಲ ಅಮ್ಮನಿಗೂ ಲಾಸು” ಅಂದರು.

ಅಣ್ಣನ ಮನೆಗೆ ತಮ್ಮನ ಗಾಳಿ

ಇದನ್ನು ಯಜಮಾನರಿಗೆ ಹೇಳಿದೆ. ಅವರು ಎಲ್ಲವನ್ನೂ ಕೇಳಿ, “ಸತ್ತಿದ್ದು ಯಾವ ಮೀನು ಮೇಡಂ, ಕಾಟ್ಲಾನಾ?” ಅಂದರು. ಉದಾಹರಣೆ ಸಾಲದು ಅನ್ನಿಸಿತು.

ಆ ವಾರವೇ ಹೋಳೂರಿನ ಕಡೆಯಿಂದ ಒಂದು ಉದಾಹರಣೆ ತಾನಾಗಿಯೇ ಬಂತು. ಅಲ್ಲಿ ಅಣ್ಣ ತಮ್ಮ ಇಬ್ಬರು ಭಾಗವಾದ ಮೇಲೆ ಮಾತು ಬಿಟ್ಟಿದ್ದರು. ಇಬ್ಬರ ಹೊಲಕ್ಕೂ ನಡುವೆ ಒಂದು ಬದು. ಅಣ್ಣನ ಬೋರಿನಲ್ಲಿ ಅಷ್ಟಿಷ್ಟು ನೀರಿತ್ತು. ತಮ್ಮ ಬದುವಿನ ಈಚೆ ತನ್ನ ಹೊಲದಲ್ಲಿ ಬೋರ್ ಲಾರಿ ನಿಲ್ಲಿಸಿದ. ಅಣ್ಣನಿಗೆ ಹೆದರಿಕೆಯಾಗಿ ಮೋಟಾರು ಮೇಲೆತ್ತಿಸಿ, ಇನ್ನೂ ಕೆಳಗೆ ಇಳಿಸುವುದಕ್ಕೆ ಅಂತ ಮೆಕ್ಯಾನಿಕ್ ಭಾಯಿಯನ್ನು ಕರೆಸಿದ. ಹಾಗಾಗಿ ಅಣ್ಣನ ಬೋರು ಬಾಯಿ ತೆರೆದುಕೊಂಡಿತ್ತು. ಪಕ್ಕದ ಕಣದಲ್ಲಿ ರಾಗಿ ಹರವಿದ್ದರು. ಇನ್ನೇನು ಮೋಟಾರು ಇಳಿಸಬೇಕು, ಅತ್ತಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು.

ತಮ್ಮನ ಲಾರಿಯ ಕಂಪ್ರೆಸರು ಕೆಳಗೆ ಗಾಳಿ ಒತ್ತುತ್ತಲೇ ಇತ್ತು. ಬಂಡೆಯ ಸೀಳು ಎರಡು ಬೋರಿಗೂ ಒಂದೇ ಇತ್ತು ಅಂತ ಕಾಣುತ್ತದೆ. ಇದ್ದಕ್ಕಿದ್ದಂತೆ ಅಣ್ಣನ ಬೋರು ಗುಡುಗಿ, ಬೂದು ಬಣ್ಣದ ಕೆಸರನ್ನು ಮರದೆತ್ತರಕ್ಕೆ ಉಗುಳಿತು. ಅತ್ತಿಗೆ, ಭಾಯಿ, ರಾಗಿ, ಪೂಜೆಯ ಬಾಳೆಹಣ್ಣು ಎಲ್ಲ ಒಂದೇ ಬಣ್ಣ. ಭಾಯಿ ಕಣ್ಣು ಮಾತ್ರ ಬಿಟ್ಟುಕೊಂಡು, “ಯಾ ಅಲ್ಲಾ, ನಾನಿನ್ನೂ ಏನೂ ಮಾಡಿಲ್ಲ ಅಣ್ಣಾ!” ಅಂತ ಕೂಗಿಕೊಂಡರು.

ತಮ್ಮ ಬದು ಹಾರಿ ಓಡಿ ಬಂದ. ಎಷ್ಟೋ ವರ್ಷದ ಮೇಲೆ ಇಬ್ಬರೂ ಮುಖಾಮುಖಿಯಾದರು.

“ಅಣ್ಣಾ, ನನ್ ಗಾಳಿ ನಿನ್ ಮನೇಗ್ ಬಂತಲ್ಲೋ!” ಅಂದ ತಮ್ಮ.

“ನನ್ ನೀರು ನಿನ್ ಮನೇಗೆ ಬಂದಿದ್ರೆ ಹಿಂಗೇ ಓಡಿ ಬರ್ತಿದ್ಯೇನ್ಲಾ?” ಅಂದ ಅಣ್ಣ.

ತಮ್ಮನಿಗೆ ಸಿಕ್ಕಿದ್ದು ಧೂಳು. ಅಣ್ಣನ ಬೋರಿಗೆ ಕೆಸರು ತುಂಬಿ ಅದೂ ಹೋಯಿತು. ಆದರೆ ಭೂಮಿಯೊಳಗೆ ಎಲ್ಲವೂ ಕೂಡಿಕೊಂಡಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ನಾನು ಖುಷಿಯಿಂದ ಯಜಮಾನರ ಹತ್ತಿರ ಓಡಿದೆ. ಆ ಮನೆಯ ಗೋಳಿನಲ್ಲಿ ನನಗೆ ಖುಷಿ ಕಂಡಿತಲ್ಲ ಎಂದು ನೆನೆಸಿಕೊಂಡರೆ ಈಗ ಬೇಜಾರಾಗುತ್ತದೆ.

ಯಜಮಾನರು ಗಮನವಿಟ್ಟು ಕೇಳಿದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಆಮೇಲೆ ನಿಧಾನವಾಗಿ, “ಹಂಗಾದ್ರೆ ತಮ್ಮನಿಗಿಂತ ಮೊದ್ಲೇ ಅಣ್ಣ ಆಳಕ್ ಹೋಗ್ಬೇಕಾಗಿತ್ತು ಅನ್ನಿ” ಅಂದರು.

ನಕ್ಷೆಯಲ್ಲಿಲ್ಲದ ಕೆರೆ

ಬುದ್ಧಿ ಮಾತಿನಿಂದ ಆಗದಿದ್ದರೆ ಕಾನೂನಿದೆ. ಕುಡಿಯುವ ನೀರಿನ ಬೋರಿನ ಪಕ್ಕದಲ್ಲಿ ಕಂಡವರೆಲ್ಲ ಬೋರ್ ಹಾಕುವಂತಿಲ್ಲ. ಎಲ್ಲ ಇಲಾಖೆಯವರೂ ಸೇರುವ ಒಂದು ಸಭೆ ಕೋಲಾರದಲ್ಲಿತ್ತು, ಟೀಚರನ್ನೂ ಕರೆದುಕೊಂಡು ಹೋದೆ. ಅವರು ಸ್ಕೂಲ್ ಬೋರಿನ ನೀರನ್ನು ಒಂದು ಬಾಟಲಿಯಲ್ಲಿ ತಂದಿದ್ದರು, ಯಾರಾದರೂ ಕೇಳಿದರೆ ಇರಲಿ ಅಂತ.

ಪ್ರತಿಯೊಬ್ಬರೂ ತಮ್ಮ ತಮ್ಮ ನಕ್ಷೆ ಹರಡಿದರು. ಒಬ್ಬರ ನಕ್ಷೆಯಲ್ಲಿ ಟೀಚರ್ ಊರಿನ ಕೆರೆ ದುಂಡಗಿತ್ತು. ಇನ್ನೊಬ್ಬರದರಲ್ಲಿ ಉದ್ದಕ್ಕಿತ್ತು. ಮೂರನೆಯವರ ನಕ್ಷೆಯಲ್ಲಿ ಆ ಜಾಗದಲ್ಲಿ ನೀಲಗಿರಿ ತೋಪಿತ್ತು. ಕೆರೆಗೆ ನೀರು ತರುವ ಕಾಲುವೆಗೆ ಅಡ್ಡಲಾಗಿ ಯಾರೋ ರಸ್ತೆ ಮಾಡಿದ್ದಾರೆ, ಮೇಲಿನ ಗುಡ್ಡದಲ್ಲಿ ಇನ್ಯಾರೋ ಗುಂಡಿ ತೋಡಿ ನೀರು ಹಿಡಿದಿದ್ದಾರೆ, ಎಲ್ಲವೂ ಜನರ ಒಳ್ಳೆಯದಕ್ಕೇ. ಯಾರೂ ಯಾರನ್ನೂ ಕೇಳಿರಲಿಲ್ಲ, ಅಷ್ಟೇ.

ಕೊನೆಯಲ್ಲಿ ಕೂತಿದ್ದ ಒಬ್ಬರು ಬಹಳ ಹೊತ್ತು ಹುಡುಕಿ, “ನಮ್ಮ ನಕ್ಷೆಯಲ್ಲಿ ಈ ಕೆರೆಯೇ ಬರಲ್ಲ” ಅಂದರು.

ನನಗೆ ರೇಗಿತು. “ಕೆರೆ ಒಣಗ್ತಾ ಇದೆ ಸಾರ್. ಅದರ ಪಕ್ಕದ ಬೋರೂ ಒಣಗಿದ್ರೆ ಮಕ್ಕಳು ಏನ್ ಕುಡಿಬೇಕು?”

ಅವರು ಸಮಾಧಾನದಿಂದ ನಕ್ಷೆ ಮಡಚಿ, “ನಮ್ಮಲ್ಲಿ ಇಲ್ಲದ ಕೆರೆ ನಮ್ಮ ಮಟ್ಟಿಗೆ ಒಣಗೋಕೂ ಆಗಲ್ವಲ್ಲ ಮೇಡಂ” ಅಂದರು.

ಹೊರಗೆ ಬಂದ ಮೇಲೆ ಟೀಚರ್ ಮೆಟ್ಟಿಲ ಮೇಲೆ ಕೂತು, ತಂದಿದ್ದ ಬಾಟಲಿಯ ನೀರನ್ನು ತಾವೇ ಕುಡಿದರು. “ಯಾರೂ ಕೇಳ್ಲಿಲ್ಲ. ಒಳ್ಳೇ ನೀರು, ಚೆಲ್ಲೋಕೆ ಮನಸ್ ಬರಲ್ಲ” ಅಂದರು.

ಆಣೆ

ಕೊನೆಗೆ ಟೀಚರೇ ಒಂದು ದಾರಿ ಹುಡುಕಿದರು. ಯಜಮಾನರು ಕಾನೂನಿಗೆ ಹೆದರದಿದ್ದರೂ ದೇವರಿಗೆ ಹೆದರುತ್ತಾರೆ. ಊರೆಲ್ಲ ಸೇರಿಸಿ, ಎಲ್ಲೆಯಮ್ಮನ ಕಲ್ಲಿನ ಮುಂದೆ ಕರ್ಪೂರ ಹಚ್ಚಿಸಿ ಅವರಿಂದ ಆಣೆ ಮಾಡಿಸಿದರು. ಎಲ್ಲೆಯಮ್ಮ ಅಂದರೆ ಊರಿನ ಗಡಿ ಕಾಯುವ ದೇವತೆ, ಬಂಡಿದಾರಿಯ ಅಂಚಿನಲ್ಲೇ ಇದ್ದಾಳೆ. ಕರ್ಪೂರ ಆರಿಸಿ ಮಾಡಿದ ಆಣೆಯನ್ನು ಆ ಕಡೆ ಯಾರೂ ಮುರಿಯುವುದಿಲ್ಲ.

ಯಜಮಾನರು ತಲೆಬಾಗಿ, “ತಾಯಿ, ನಿನ್ನ ಎಲ್ಲೆ ಒಳಗೆ ನಾನು ಹೊಸ ಬೋರ್ ಹಾಕ್ಸಲ್ಲ” ಅಂದು ಅಂಗೈಯಿಂದ ಕರ್ಪೂರ ಆರಿಸಿದರು. ಟೀಚರ್ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಇಷ್ಟು ದಿನದ ತಿರುಗಾಟಕ್ಕೆ ಒಂದು ಫಲ ಸಿಕ್ಕಿತು, ಒಬ್ಬ ಮನುಷ್ಯನಿಗಾದರೂ ಅರ್ಥವಾಯಿತು ಅಂತ ಮನಸ್ಸು ತುಂಬಿ ಬಂತು.

ಸ್ವಲ್ಪ ದಿನಕ್ಕೆ ಟೀಚರ್ ಫೋನ್ ಮಾಡಿದರು. “ಮೇಡಂ, ಬೋರ್ ಲಾರಿ ಬಂದೈತೆ.”

ಓಡಿ ಹೋದೆ. ಲಾರಿ ಬಂಡಿದಾರಿಯ ಆಚೆ ನಿಂತಿತ್ತು. ಅಲ್ಲಿ ಯಜಮಾನರ ಭಾವಮೈದುನನ ಒಂದು ತುಂಡು ಜಮೀನಿದೆ. ಎಲ್ಲೆಯಮ್ಮನ ಬೆನ್ನಿಗೆ, ಶ್ರೀನಿವಾಸಪುರ ತಾಲ್ಲೂಕು. ಸ್ಕೂಲ್ ಬೋರಿನ ಹತ್ತಿರ ನಿಂತು ಕೂಗಿದರೆ ಲಾರಿಯವನು ತಿರುಗಿ ನೋಡುತ್ತಿದ್ದ.

“ಏನ್ ಯಜಮಾನ್ರೇ, ಆಣೆ ಮಾಡಿದ್ರಲ್ಲ!” ಅಂದೆ. ಅವರಿಗೆ ನಿಜವಾಗಿಯೂ ನೋವಾಯಿತು.

“ಅಮ್ಮನ ಎಲ್ಲೆ ಒಳಗೆ ಒಂದು ಗುಣಿ ತೋಡಿದ್ರೆ ಹೇಳಿ ಮೇಡಂ” ಅಂದರು. “ಆಣೆ ತಪ್ಪೋ ವಂಶ ನಮ್ದಲ್ಲ.”

ಈ ಕಡೆಯ ಕಚೇರಿಗೆ ಹೋದೆ. ಬೋರ್ ಬಿದ್ದಿರುವುದು ಆ ಕಡೆ, ಅವರನ್ನು ಕೇಳಿ ಅಂದರು. ಆ ಕಡೆಯ ಕಚೇರಿಗೆ ಹೋದೆ. ನೀರು ನಿಂತರೆ ನಿಲ್ಲುವುದು ಈ ಕಡೆ ತಾನೆ, ನಮ್ಮಲ್ಲಿ ಯಾರಿಗೂ ತೊಂದರೆ ಇಲ್ಲವಲ್ಲ ಅಂದರು. ಬಂಡಿದಾರಿಯ ಎರಡೂ ಕಡೆಗೆ ಸೇರಿದವಳು ಎಲ್ಲೆಯಮ್ಮ ಒಬ್ಬಳೇ, ಅವಳನ್ನೂ ಕೇಳಿದೆ. ಅವಳು ಎರಡೂ ಕಚೇರಿಯವರಿಗಿಂತ ಮರ್ಯಾದಸ್ಥಳು, ಸುಮ್ಮನಿದ್ದಳು.

ಗ್ರೂಪ್ ಫೋಟೋ

ಯಜಮಾನರಿಗೆ ಬಹಳ ಆಳದಲ್ಲಿ ನೀರು ಸಿಕ್ಕಿತು, ಒಳ್ಳೆಯ ರಭಸದ್ದೇ. ಬೇಸಿಗೆ ಮುಗಿಯುವಷ್ಟರಲ್ಲಿ ಸ್ಕೂಲ್ ಬೋರು ಗಾಳಿ ಉಗುಳತೊಡಗಿ, ಆಮೇಲೆ ಅದನ್ನೂ ನಿಲ್ಲಿಸಿತು. ಟೀಚರ್ ತಮ್ಮ ಗಾಡಿಯಲ್ಲಿ ದೊಡ್ಡ ಊರಿನಿಂದ ಕ್ಯಾನು ತಂದು ನೋಡಿದರು. ಅಷ್ಟು ಮಕ್ಕಳ ಅಡುಗೆಗೆ, ಕುಡಿಯುವುದಕ್ಕೆ ಒಬ್ಬ ಹೆಂಗಸು ಎಷ್ಟು ಅಂತ ಹೊರುತ್ತಾಳೆ? ಸೊಂಟ ಹಿಡಿದುಕೊಂಡು ಮಲಗಿಬಿಟ್ಟರು.

ಆಗ ಯಜಮಾನರ ಮನಸ್ಸು ಕರಗಿತು. ಇದು ನಾಟಕವಲ್ಲ, ನಿಜವಾಗಿಯೇ ಕರಗಿತು. ತಮ್ಮ ಹೊಸ ಬೋರಿನಿಂದ ಅಂಗನವಾಡಿಗೆ ಪೈಪು ಎಳೆಸಿ, ನಲ್ಲಿ ಹಾಕಿಸಿ, ತಂದೆಯವರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿದರು. ಉದ್ಘಾಟನೆಗೆ ನಾನೇ ಮುಖ್ಯ ಅತಿಥಿ. ನನ್ನದೇ ಬ್ಯಾನರ್ ತರಿಸಿ ಹಿಂದೆ ಕಟ್ಟಿದ್ದರು.

ನಲ್ಲಿ ತಿರುಗಿಸಿದ ಕೂಡಲೇ ನನ್ನ ಪರೀಕ್ಷೆಯ ಗಾಜಿನ ಕೊಳವೆಯಲ್ಲಿ ಸ್ವಲ್ಪ ನೀರು ಹಿಡಿದು ಔಷಧಿ ಹಾಕಿದೆ. ಗುಲಾಬಿ ಬಣ್ಣ ನಿಂತರೆ ನೀರು ಒಳ್ಳೆಯದು, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು. ಸ್ಕೂಲ್ ಬೋರಿನ ನೀರಿಗೆ ಪ್ರತಿ ಸಲ ಗುಲಾಬಿ ಬರುತ್ತಿತ್ತು, ಮಕ್ಕಳು ‘ಪಿಂಕು, ಪಿಂಕು’ ಅಂತ ಕುಣಿಯುತ್ತಿದ್ದವು. ಈ ಸಲ ನೋಡನೋಡುತ್ತಿದ್ದಂತೆ ಹಳದಿಯಾಯಿತು. ಮಕ್ಕಳು ಕುಣಿಯಲಿಲ್ಲ.

ಯಜಮಾನರು ಬಗ್ಗಿ ನೋಡಿ, “ನೋಡ್ರಪ್ಪಾ, ಅರಿಶಿನ! ಶುಭ ಶುಭ!” ಅಂದು ಕೈಮುಗಿದರು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು.

“ಯಜಮಾನ್ರೇ, ಇದು ಹಳೇ ಬೋರಿನ ನೀರಿನಂಗೇ ಇದೆ, ಮಕ್ಕಳು ಕುಡಿಯೋ ಹಾಗಿಲ್ಲ” ಅಂದೆ, ಎಲ್ಲರಿಗೂ ಕೇಳುವಂತೆಯೇ ಅಂದೆ.

“ನಾವೆಲ್ಲ ಅದನ್ನೇ ಕುಡಿದು ಬೆಳೆದಿಲ್ವಾ ಮೇಡಂ? ಏನಾಗೈತೆ ನಮಗೆ?” ಅಂದರು. ಸುತ್ತ ನಿಂತಿದ್ದವರೆಲ್ಲ ಹೌದು ಹೌದು ಅಂದರು. ಮಂಡಿ ಮಡಚಲಾಗದ ಅಜ್ಜಿ ಕುರ್ಚಿಯಲ್ಲಿ ಕೂತು ತಾನೂ ಹೌದು ಅಂದಳು. ನೀರು ತಂದಿದ್ದೀಯಾ ಎಂದು ನನ್ನನ್ನು ಕೇಳಿದ ಅಜ್ಜಿಯೇ ಅವಳು.

ಫೋಟೋದವನು ಎಲ್ಲರನ್ನೂ ನಲ್ಲಿಯ ಮುಂದೆ ನಿಲ್ಲಿಸಿದ. ಮುಂದೆ ಮಕ್ಕಳು, ಹಿಂದೆ ಯಜಮಾನರು, ಅಕ್ಕಪಕ್ಕ ಟೀಚರ್ ಮತ್ತು ನಾನು. ‘ಎಲ್ರೂ ಹಲ್ಲು ಕಾಣೋ ಹಂಗೆ ನಗಿ’ ಅಂದ. ಹುಟ್ಟಿದಾಗಿನಿಂದ ಟವೆಲಿನ ಮರೆಯಲ್ಲಿ ನಕ್ಕ ಯಜಮಾನರು ಆ ದಿನದ ಸಂತೋಷಕ್ಕೆ ಟವೆಲನ್ನು ಹೆಗಲ ಮೇಲೇ ಬಿಟ್ಟು, ಇಟ್ಟಿಗೆ ಬಣ್ಣದ ಅಷ್ಟೂ ಹಲ್ಲು ಬಿಟ್ಟು ಬಾಯ್ತುಂಬ ನಕ್ಕರು. ಅವರ ಮುಂದೆ ಮಕ್ಕಳು ಬೆಳ್ಳಗೆ ನಕ್ಕವು. ನಾನೊಬ್ಬಳೇ ನಗಲಿಲ್ಲ, ಫೋಟೋದವನು ನನ್ನ ಹೆಸರು ಹಿಡಿದು ಕೂಗಿ ನಗಿಸಿದ.

ಟೀಚರ್ ನನ್ನ ಕಡೆ ಬಾಗಿ, ನಗು ಹಾಗೇ ಇಟ್ಟುಕೊಂಡು ಮೆಲ್ಲಗೆ ಹೇಳಿದರು. “ಈ ಫೋಟೋನ ಜೋಪಾನವಾಗಿ ಇಟ್ಕೊಳ್ಳಿ ಮೇಡಂ. ನಮ್ಮೂರಲ್ಲಿ ಎರಡು ಥರದ ಹಲ್ಲು ಒಟ್ಟಿಗೆ ಕಾಣೋದು ಇದೇ ಕೊನೆ. ಇನ್ಮೇಲೆ ಹುಟ್ಟೋ ಮಕ್ಕಳಿಂದ ಯಜಮಾನ್ರ ತನಕ ಎಲ್ಲರ್ದೂ ಒಂದೇ. ಸಮಗ್ರ ಅಂತಿದ್ರಲ್ಲ, ಇದೇ ತಾನೇ?”